ಕಟ್ಟಿದವರು, ಕಟ್ಟಿಸಿದವರು

ವರ್ನೆಲ್ ಪೆಟಿಫೋರ್ಡ್ ಮೂವತ್ತೊಂದು ವರ್ಷ ಸ್ಕೂಲ್ ಬಸ್ ಓಡಿಸಿದವಳು. ನಿವೃತ್ತಿಯಾದ ಮೇಲೆ ಆಜ್ಞೆ ಮಾಡಲು ಮಕ್ಕಳಿಲ್ಲದೆ ಹಿತ್ತಿಲಿನ ಟೊಮೇಟೊ ಗಿಡಗಳಿಗೇ ಸಾಲಾಗಿ ನಿಲ್ಲಲು ಹೇಳುತ್ತಿದ್ದಳು. ಅವೂ ಮಾತು ಕೇಳದಿದ್ದಾಗ ಬೇಸರವಾಗಿ ಊರಾಚೆಯ ಲ್ಯಾಥ್ರಪ್ ಬಂಗಲೆಯಲ್ಲಿ ಗೈಡ್ ಕೆಲಸಕ್ಕೆ ಸೇರಿಕೊಂಡಳು.

ವರ್ಜೀನಿಯಾದ ನಮ್ಮ ಭಾಗದಲ್ಲಿ ಆ ಬಂಗಲೆ ಗೊತ್ತಿಲ್ಲದವರಿಲ್ಲ. ದೇಶ ಕಟ್ಟಿದ ಮಹನೀಯರಲ್ಲಿ ಕರ್ನಲ್ ಲ್ಯಾಥ್ರಪ್ ಒಬ್ಬ. ಸ್ವಾತಂತ್ರ್ಯದ ಬಗ್ಗೆ ಬಹಳ ಚೆನ್ನಾಗಿ ಬರೆಯುತ್ತಿದ್ದನಂತೆ. ಬರೆಯುವಾಗ ಪಕ್ಕದಲ್ಲಿ ದೀಪ ಹಿಡಿದು ನಿಲ್ಲುತ್ತಿದ್ದವನು ಗುಲಾಮ, ಊಟ ತಂದಿಡುತ್ತಿದ್ದವಳು ಗುಲಾಮಳು. ವರ್ನೆಲ್‌ಳ ಅಜ್ಜನ ಮುತ್ತಜ್ಜ ಐಶಮ್ ಕೂಡ ಅವನ ಗುಲಾಮನೇ, ಗಾರೆ ಕೆಲಸದವನು.

ವರ್ನೆಲ್‌ಳ ಅಕ್ಕ ಓಜೆಲ್ಲಾಗೆ ಎಂಬತ್ತನಾಲ್ಕು ವರ್ಷ. ಆ ಮನೆಯ ಹೊಸ್ತಿಲು ತುಳಿದವಳಲ್ಲ. ತಂಗಿಯ ಕೆಲಸದ ಸುದ್ದಿ ಕೇಳಿದ ದಿನ ಊರುಗೋಲನ್ನು ನೆಲಕ್ಕೆ ಕುಟ್ಟಿದಳು.

"ನಮ್ಮೋರು ಆ ಮನೆಯಿಂದ ಬಿಡಿಸ್ಕೊಂಡು ನೂರೈವತ್ತು ವರ್ಷದ ಮೇಲಾಯ್ತು. ನೀನು ಅರ್ಜಿ ಹಾಕ್ಕೊಂಡು ವಾಪಸ್ ಹೋದ್ಯಲ್ಲೇ!"

"ಅಕ್ಕಾ, ನಾನೇನು ಕಸ ಗುಡಿಸೋಕೆ ಹೋಗ್ತಿಲ್ಲ. ಮಾತಾಡೋಕೆ ಹೋಗ್ತಿದೀನಿ."

"ಯಾರ ಮಾತು?"

ಅಕ್ಕನ ಮಾತು ವರ್ನೆಲ್‌ಗೆ ಚೆನ್ನಾಗಿಯೇ ನಾಟಿತ್ತು. ತಾನು ಆ ಮನೆಯ ಆಳಲ್ಲ ಎಂದು ಅಕ್ಕನ ಬಾಯಿಂದ ಕೇಳದೆ ಅವಳಿಗೆ ಸಮಾಧಾನವಿರಲಿಲ್ಲ.

ಕೆಲಸದಲ್ಲಿ ತಕರಾರು ಶುರುವಾಗಿದ್ದು ಒಂದೇ ಅಕ್ಷರಕ್ಕೆ. ಗೈಡುಗಳಿಗೆ ಕೊಟ್ಟ ಚೀಟಿಯಲ್ಲಿ, "ಕರ್ನಲ್ ಈ ಮನೆಯನ್ನು ನಾಲ್ಕು ವರ್ಷಗಳಲ್ಲಿ ಕಟ್ಟಿದರು" ಎಂದಿತ್ತು. ವರ್ನೆಲ್ ಪ್ರತಿ ಸಲವೂ "ಕಟ್ಟಿಸಿದರು" ಎನ್ನುತ್ತಿದ್ದಳು. ತೋಟ "ನೆಡಿಸಿದರು", ಬಾವಿ "ತೋಡಿಸಿದರು". ಕರ್ನಲ್ ಸ್ವಂತ ಕೈಯಿಂದ ಮಾಡಿದ್ದೆಂದು ಅವಳು ಒಪ್ಪಿಕೊಂಡಿದ್ದು ಸಹಿ ಒಂದನ್ನೇ.

ಬಂಗಲೆಯ ಮ್ಯಾನೇಜರ್ ಪ್ರೆಂಟಿಸ್ ಕೆಟ್ಟವನಲ್ಲ. ಬೋ ಟೈ ಕಟ್ಟಿಕೊಂಡು, ಮುನ್ನೂರು ವರ್ಷದ ಪಿಂಗಾಣಿಯನ್ನು ಸ್ವಂತ ಮಗುವಿನಂತೆ ಒರೆಸುವ ಸಂಭಾವಿತ.

"ಮಿಸೆಸ್ ಪೆಟಿಫೋರ್ಡ್, ಏನ್ ಮಹಾ ವ್ಯತ್ಯಾಸ? ಒಂದಕ್ಷರ ತಾನೇ?"

"ಒಂದಕ್ಷರ ತಾನೇ ಸಾರ್, ಸೇರಿಸ್ಬಿಡಿ."

ಸೇರಿಸಲು ಕಮಿಟಿ ಒಪ್ಪಬೇಕಂತೆ. ಕಮಿಟಿ ಸೇರುವುದು ವರ್ಷಕ್ಕೊಮ್ಮೆಯಂತೆ. ಅಷ್ಟರಲ್ಲಿ, ಮೇಜು ಕುರ್ಚಿ ನೋಡಲು ಬಂದರೆ ಗುಲಾಮರ ವಿಷಯ ತೆಗೆದು ಬೈಯುತ್ತಾರೆ ಎಂದು ಇಬ್ಬರು ಪ್ರವಾಸಿಗರು ಪತ್ರ ಬರೆದರು. ಶನಿವಾರ ನಾನೇ ಹಿಂದೆ ನಿಂತು ಕೇಳುತ್ತೇನೆ, ಚೀಟಿ ಬಿಟ್ಟು ಮಾತಾಡಿದರೆ ಎದೆಯ ಮೇಲಿನ ಗೈಡ್ ಬಿಲ್ಲೆ ವಾಪಸ್, ಕೆಲಸವೂ ಇಲ್ಲ ಎಂದ ಪ್ರೆಂಟಿಸ್.

ಅದೇ ಶನಿವಾರ ನಮ್ಮ ಚರ್ಚಿನ ಬಸ್ಸು ಬಂತು. ಹೆಂಗಸರೆಲ್ಲ ಒಬ್ಬರಿಗಿಂತ ಒಬ್ಬರು ಅಗಲದ ಟೋಪಿ ಹಾಕಿಕೊಂಡು ಬಾಗಿಲಲ್ಲಿ ಓರೆಯಾಗಿ ಇಳಿದರು. ಕೊನೆಯ ಸೀಟಿನಲ್ಲಿ ಓಜೆಲ್ಲಾ ಇದ್ದಳು. "ನಾನು ಒಳಗೆ ಬರೋಕಲ್ಲ, ಬುತ್ತೀಲಿರೋ ಕೋಳಿ ಕಾಯೋಕೆ ಬಂದೆ" ಎಂದಳು. ಕೋಳಿ ಹುರಿದು ಕಾಗದದಲ್ಲಿ ಸುತ್ತಿಯಾಗಿತ್ತು. ಅದು ಎಲ್ಲಿಗೂ ಓಡುವ ಹಾಗಿರಲಿಲ್ಲ. ಹತ್ತು ನಿಮಿಷದಲ್ಲಿ ಅವಳೂ ಊರುಗೋಲು ಹಿಡಿದು ಹಜಾರಕ್ಕೆ ಬಂದು ನಿಂತಳು.

ಹಿಂದೆ ಪ್ರೆಂಟಿಸ್, ಮುಂದೆ ಅಕ್ಕ. ನಡುವೆ ವರ್ನೆಲ್‌ಗೆ ಬಿಲ್ಲೆಯ ಆಸೆ. ಬಿಲ್ಲೆ ಹೋದರೆ ಕೆಳಗಿನ ಅಡುಗೆಮನೆ ತೋರಿಸುವಾಗ ಅದರ ಗಾರೆ ಮಾಡಿದ ಐಶಮ್‌ನ ಹೆಸರು ಹೇಳುವವರು ಯಾರು? ಹಾಗಂತ ತನಗೆ ತಾನೇ ಹೇಳಿಕೊಂಡು ಚೀಟಿ ನೋಡಿ ಓದಿದಳು:

"ಕರ್ನಲ್ ಈ ಮನೆಯನ್ನು ನಾಲ್ಕು ವರ್ಷಗಳಲ್ಲಿ... ಕಟ್ಟಿದರು."

ನಮ್ಮ ಚರ್ಚಿನವರಿಗೆ ಇವತ್ತು ಶನಿವಾರ ಎಂದರೂ "ಆಮೆನ್" ಅನ್ನುವ ಅಭ್ಯಾಸ. ಪಾದ್ರಿ ಉಸಿರೆಳೆದುಕೊಳ್ಳುವಷ್ಟರಲ್ಲಿ ನಾಲ್ಕು ಆಮೆನ್ ಬಿದ್ದಿರುತ್ತವೆ. ಅವತ್ತು ಒಂದೂ ಬೀಳಲಿಲ್ಲ. ನಾಚಿಕೆಯಿಂದ ವರ್ನೆಲ್‌ಳ ಕಿವಿ ಬಿಸಿಯಾಯಿತು.

"ಆ ಮಹರಾಯನಿಗೆ ಎಷ್ಟು ಕೈ ಇತ್ತೇ ವರ್ನೆಲ್?" ಎಂದಳು ಓಜೆಲ್ಲಾ.

ಟೋಪಿಗಳೆಲ್ಲ ಅಲುಗಾಡಿದವು. ವರ್ನೆಲ್ ಚೀಟಿ ಮಡಿಸಿ ಜೇಬಿಗೆ ತುರುಕಿದಳು.

"ತಪ್ಪು ಹೇಳ್ದೆ. ಕಟ್ಟಿಸಿದರು."

"ಆಮೆನ್!"

"ಕಟ್ಟಿದ್ದು ಐಶಮ್."

"ಹೇಳು ಸಿಸ್ಟರ್, ಹೇಳು!"

"ಕಫೀ. ಡಾರ್ಕಸ್. ಬಿಗ್ ಟೋಬಿ. ಒಂದು ಕಣ್ಣಿನ ಜೂನೋ..." ಕರ್ನಲನ ಉಯಿಲಿನ ಆಸ್ತಿಪಟ್ಟಿಯಲ್ಲಿ ಕುದುರೆಗಳ ಕೆಳಗೆ ಬರೆದಿದ್ದ ಇಪ್ಪತ್ತೆರಡು ಹೆಸರುಗಳು ಅವಳಿಗೆ ಬಾಯಿಪಾಠ. ಒಂದೊಂದಕ್ಕೂ ಆಮೆನ್ ಬಿತ್ತು. ಪಿಂಗಾಣಿ ಬೀಳುತ್ತದೇನೋ ಎಂದು ಪ್ರೆಂಟಿಸ್ ಬೀರುವಿಗೆ ಬೆನ್ನು ಕೊಟ್ಟು ನಿಂತ.

ಹೆಸರು ಮುಗಿದ ಮೇಲೆ ಅವನು ಮುಂದೆ ಬಂದು, ಮುಖ ಸಪ್ಪೆ ಮಾಡಿಕೊಂಡು ಕೈ ಚಾಚಿದ. ವರ್ನೆಲ್ ಬಿಲ್ಲೆ ಬಿಚ್ಚಿ ಕೊಟ್ಟಳು. ಅವಳಿಗೆ ಆ ಕೆಲಸ ನಿಜವಾಗಿಯೂ ಇಷ್ಟವಾಗಿತ್ತು.

"ನಡಿ ಅಕ್ಕಾ, ಮುಗೀತು."

"ಮುಗಿದಿಲ್ಲ. ಐಶಮ್‌ನ ತಾಯಿ ಹೆಸರೆಲ್ಲಿ?"

"ಉಯಿಲಲ್ಲಿಲ್ಲ ಅಕ್ಕಾ. ಎಲ್ಲೂ ಸಿಗ್ಲಿಲ್ಲ."

"ಹೇಗೆ ಸಿಗುತ್ತೆ? ಉಯಿಲು ಬರೆಯೋ ಮುಂಚೇನೇ ಅವಳನ್ನ ದಕ್ಷಿಣದ ತೋಟದೋರಿಗೆ ಮಾರಿದ್ರು. ಅಜ್ಜಿ ನನಗೊಬ್ಬಳಿಗೇ ಹೇಳಿದ್ಲು. ಆ ಮನೆ ಅನ್ನ ತಿನ್ನೋರ ಬಾಯಿಗೆ ಆ ಹೆಸರು ಬೀಳ್ಬಾರ್ದು ಅಂತ ಆಣೆ ಹಾಕಿಸ್ಕೊಂಡಿದ್ಲು." ಓಜೆಲ್ಲಾ ತಂಗಿಯ ಬಿಲ್ಲೆಯಿಲ್ಲದ ಎದೆಯನ್ನು ನೋಡಿದಳು. "ಈಗ ನೀನು ಇವರ ಸಂಬಳದಲ್ಲಿಲ್ಲ ತಾನೇ?"

"ಇಲ್ಲ."

ಓಜೆಲ್ಲಾ ತಂಗಿಯ ತಲೆಯನ್ನು ಹತ್ತಿರಕ್ಕೆಳೆದು ಕಿವಿಯಲ್ಲಿ ಹೇಳಿದಳು.

ವರ್ನೆಲ್‌ಗೆ ಅಳು ಬಂತು. ತಡೆಯಲಿಲ್ಲ. ಕರ್ನಲನ ದೊಡ್ಡ ಚಿತ್ರದ ಕೆಳಗೆ ನೆಟ್ಟಗೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಆ ಹೆಸರು ಹೇಳಿದಳು: "ಕೆಜಾಯಾ."