ಅರಿಶಿನ ಹಚ್ಚಿದ ಕ್ರಿಸ್‌ಮಸ್ ಕಾರ್ಡು

ನಾನು ಕಳಿಸಿದ ಕ್ರಿಸ್‌ಮಸ್ ಕಾರ್ಡು ಹಡಗು ಮುಟ್ಟಿತು! ಸರಕು ಹಡಗಿನಲ್ಲಿ ಅಡುಗೆ ಮಾಡುವ ಮೊಮ್ಮಗ ಮಾದೇವನೇ ಪಕ್ಕದ ಮನೆಗೆ ಫೋನ್ ಮಾಡಿ ಹೇಳಿದ.

ಸಮುದ್ರದ ಮೇಲೆಯೇ ಹಬ್ಬ ಮಾಡುವ ಅವನ ಜೊತೆಗಾರರಿಗೆಂದು ನಂಜನಗೂಡಿನಲ್ಲಿ ಕೊಂಡ ಕಾರ್ಡು ಅದು. ಲಗ್ನಪತ್ರಿಕೆಗೆ ಹಚ್ಚುವ ಹಾಗೆ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ಕಳಿಸಿದ್ದೆ. "ಅಯ್ಯೋ ಅತ್ತೆ, ಇದುಕ್ಕೆ ಅರಿಸ್ನ ಬಳೀತಾರಾ? ಎಲ್ರೂ ನಮ್ಮ ಐದ ಮಾದೇವನ್ನ ನೋಡಿ ನಗಾಡ್ತಾರೆ," ಎಂದು ಸೊಸೆ ರೇಗಿದ್ದಳು. ಅಂದಿನಿಂದ ನನಗೂ ಅಳುಕು.

"ನಗಾಡುದ್ರೇನ್ಲಾ ಮಗ?" ಅಂದೆ.

"ಇಲ್ಲ ಕಣಜ್ಜಿ. ನಮ್ಮಟ್ಟೀಲಿ ಶುಭಕಾರ್ಯಕ್ಕೆ ಕರ್ಯೋದು ಇಂಗೇಯ ಅಂದೆ. 'ಅಂಗಾದ್ರೆ ನಮ್ಮನ್ನೂ ಮನೆಗೆ ಕರುದ್ರು' ಅಂತ ಒಬ್ರು ವಯಸ್ಸಾದೋರು ಕಾರ್ಡ ಕಣ್ಗೊತ್ಕೊಂಡ್ರು."

ಆ ಸಂಜೆ ಮನೆಮಂದಿಯೆಲ್ಲ ಒಟ್ಟಿಗೆ ಉಣ್ಣಲು ಕೂತೆವು. ರೇಗಿದ್ದ ಸೊಸೆಯೇ ನನ್ನ ತಟ್ಟೆಗೆ ಮೊದಲು ಪಾಯಸ ಬಡಿಸಿದಳು.