ಐವರ ಹಿಂದಿನ ಕಲ್ಲು

ಬೆಟಗೇರಿಯ ನಮ್ಮ ಓಣಿಯಲ್ಲಿ ಯಾರದೋ ಮನೆಯ ಹೂರಣ ತಳ ಹತ್ತಿದೆ. ಬೆಲ್ಲ ಸೀದ ವಾಸನೆ ಕಿಟಕಿಯಿಂದ ನೇರ ನನ್ನ ಮೇಜಿನವರೆಗೆ ಬಂತು. ನಾಳೆ ಸೀಗಿ ಹುಣ್ಣಿಮೆ. ಬೇರೆಯವರಿಗೆ ಈ ವಾಸನೆಯಿಂದ ಹಸಿವಾಗುತ್ತದೆ. ನನಗೆ ಕಳೆದ ವರ್ಷದಿಂದ ಹಾಗಾಗುವುದಿಲ್ಲ. ಯಾಕೆಂದು ಹೇಳುತ್ತೇನೆ, ಕುಳಿತುಕೊಳ್ಳಿ.

ನಮ್ಮ ಕಡೆ ಆ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲು ಸಾಲಾಗಿಟ್ಟು ಸುಣ್ಣ, ಕುಂಕುಮ ಹಚ್ಚಿದರೆ ಅವರೇ ಪಾಂಡವರು. ಅವರ ಬೆನ್ನ ಹಿಂದೆ ಇನ್ನೊಂದು ಕಲ್ಲು ಇಡುತ್ತಾರೆ. ಅವನು ಕಳ್ಳ. ಅವನಿಗೂ ಎಡೆ ಹಿಡಿಯುತ್ತಾರೆ. ಹೊಟ್ಟೆ ತುಂಬಿದ ಕಳ್ಳ ಬೆಳೆಗೆ ಕೈ ಹಾಕಲಾರ ಎಂಬ ಭರವಸೆ. ಕಳ್ಳನಿಗೂ ದೇವರ ಹತ್ತಿರ ಜಾಗ ಕೊಟ್ಟ ಜನ ನಾವು. ಜಾಗ ಮಾತ್ರ ಹಿಂದೆ.

ನಾನು ಬರೆಯುವುದು ಮಾಯಾಲೋಕದ ಕಾದಂಬರಿ. ಹಾರುವ ಕೋಟೆ, ಮಾತಾಡುವ ಕತ್ತಿ, ಇತ್ಯಾದಿ. ಪರದೇಶದ ದೈತ್ಯರನ್ನು ಎರವಲು ತಂದು ಸಾಕಾಗಿತ್ತು. ಮನೆಯಲ್ಲೇ ಸರಕು ಬಿದ್ದಿರುವಾಗ ಆ ಉಸಾಬರಿ ಯಾಕೆಂದು ಈ ಕಳ್ಳನನ್ನು ನಾಯಕ ಮಾಡಿದೆ. ಹೊಲ ಮೊದಲು ಅವನದೇ. ಐವರು ರಾಜಕುಮಾರರು ಬಂದು ಕಿತ್ತುಕೊಂಡು ಅವನಿಗೇ ಕಳ್ಳನೆಂದು ಹೆಸರಿಟ್ಟರು. ಇದು ಕಥೆ. ಕಪ್ಪತಗುಡ್ಡಕ್ಕೆ ಬೇರೆ ಹೆಸರು ಕೊಟ್ಟು ಒಳಗೊಂದು ಸುರಂಗವನ್ನೂ ಕೊರೆದೆ. ಮುಂಡರಗಿಯ ಒಂದು ಸಭೆಯಲ್ಲಿ, ನಾನು ನಂಬಿಕೆಗಳನ್ನು ಒಡೆದು ಕಟ್ಟಿದ್ದೇನೆ ಎಂದು ಶಾಲು ಹೊದಿಸಿದರು. ಏನನ್ನು ಒಡೆದೆ ಎಂದು ನಾನು ಕೇಳಲಿಲ್ಲ. ಶಾಲು ಚೆನ್ನಾಗಿತ್ತು.

ಹರ್ತಿ ಹಳ್ಳಿಯಲ್ಲಿರುವ ನಮ್ಮ ದೊಡ್ಡಪ್ಪನಿಗೂ ಒಂದು ಪ್ರತಿ ಕೊಟ್ಟಿದ್ದೆ. ದೊಡ್ಡಪ್ಪ ಶ್ರಾವಣದಲ್ಲಿ ದಿನಾ ಸಂಜೆ ಮನೆಯ ಕಟ್ಟೆಯ ಮೇಲೆ ಪುರಾಣ ಓದುವವರು. ಪುಸ್ತಕವೆಂದರೆ ಅವರಿಗೆ ಅದೊಂದೇ ಬಗೆ. ಕಳೆದ ವರ್ಷದ ಶ್ರಾವಣದಲ್ಲಿ ನನ್ನ ಕಾದಂಬರಿಯನ್ನೂ ವ್ಯಾಸಪೀಠದ ಮೇಲಿಟ್ಟು, ಊದುಬತ್ತಿ ಹಚ್ಚಿ, ಓಣಿಯವರನ್ನು ಕೂಡಿಸಿಕೊಂಡು ರಾಗವಾಗಿ ಓದಿದರಂತೆ. ಮುಖಪುಟದ ಕತ್ತಿಗೆ ಕುಂಕುಮ ಹಚ್ಚಿದರಂತೆ. ಮುಗಿದ ದಿನ ಮಂಗಳಾರತಿ ಮಾಡಿ ಸಕ್ಕರೆ ಹಂಚಿದರಂತೆ. ದೊಡ್ಡವ್ವ ಇದನ್ನು ಫೋನಿನಲ್ಲಿ ಹೇಳಿದಾಗ ನಾನು ನಗುತ್ತ ಗೆಳೆಯರಿಗೆಲ್ಲ ಹೇಳಿಕೊಂಡು ತಿರುಗಿದೆ.

ಅದಾದ ಮೇಲೆ ಬಂದ ಸೀಗಿ ಹುಣ್ಣಿಮೆಗೆ ನಾನೂ ಅವರ ಹೊಲಕ್ಕೆ ಹೋಗಿದ್ದೆ. ದೊಡ್ಡಪ್ಪ ಐದು ಕಲ್ಲು ಇಟ್ಟರು. ಆರನೆಯದನ್ನು ಕೈಯಲ್ಲಿ ಹಿಡಿದು ನಿಂತರು. ನಿಂತೇ ಇದ್ದರು.

"ಇಡ್ರಿ, ಹುಡುಗ್ರು ಹಸದಾವು," ಎಂದರು ದೊಡ್ಡವ್ವ.

"ಹಿಂದ ಹೆಂಗ ಇಡ್ಲಿ? ಹೊಲಾನ ಅವಂದು ಅಂತ ಇವ ಬರದಾನಲ್ಲ."

"ದೊಡ್ಡಪ್ಪ, ಅದು ಬರೇ ಕಥಿರಿ. ನಾ ಕಟ್ಟಿದ್ದು," ಎಂದೆ.

"ಪಾಂಡವರದೂ ಕಥಿನ ಅಲ್ಲೇನೋ? ಅದನ್ನ ನಂಬೇನಿ. ಇದನ್ನ ಹೆಂಗ ಬಿಡ್ಲಿ?"

ಇಂಥ ಹೊಗಳಿಕೆ ನನಗೆ ಯಾವ ವಿಮರ್ಶಕನಿಂದಲೂ ಸಿಕ್ಕಿಲ್ಲ. ಒಂದು ಗಳಿಗೆ ಎದೆ ಉಬ್ಬಿತು. ಆಮೇಲೆ ಅವರ ಕೈಯಲ್ಲಿದ್ದ ಕಲ್ಲು ನೋಡಿದೆ. ಜೀವಮಾನವಿಡೀ ಯೋಚನೆಯೇ ಮಾಡದೆ ಇಟ್ಟ ಕಲ್ಲು ಅದು. ಈಗ ಮುಂದೆ ಇಟ್ಟರೆ ಹಿರಿಯರು ತಪ್ಪಿತಸ್ಥರು, ಹಿಂದೆ ಇಟ್ಟರೆ ತಾವೇ ಹೊಲಗಳ್ಳರು. ನನ್ನ ಒಂದು ಪುಸ್ತಕದಿಂದ ಈ ಮುದುಕರ ಹಬ್ಬ ಅವರ ಕೈಬಿಟ್ಟು ಹೋಗುತ್ತದೆ ಎಂದು ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ದೊಡ್ಡಪ್ಪ ಕಲ್ಲನ್ನು ನನ್ನ ಕೈಗೆ ಕೊಟ್ಟರು. "ಅವನ ಹಕೀಕತ್ತು ನಿನಗ ಗೊತ್ತೈತಿ. ನೀನ ಇಡು. ನೀ ಎಲ್ಲಿ ಇಡ್ತಿ, ಅಲ್ಲೇ ನಾ ಕೈ ಮುಗೀತೇನಿ."

ನಿಂಬೆಹಣ್ಣಿನಷ್ಟು ಕಲ್ಲು. ಕಾದಂಬರಿಯಲ್ಲಿ ಗುಡ್ಡ ಎತ್ತಿ ಇಳಿಸಿದವನಿಗೆ ಅದನ್ನು ಹಿಡಿಯಲು ಎರಡು ಕೈ ಬೇಕಾದವು. ಐವರ ಹಿಂದೆ, ಅದರ ಹಳೆಯ ಜಾಗದಲ್ಲೇ ಇಟ್ಟೆ.

"ಅಂದ್ರ ನೀ ಬರದದ್ದು ಸುಳ್ಳ?"

"ಹೂಂರಿ. ಸುಳ್ಳ."

"ಖರೇನೂ?"

"ಖರೇರಿ."

ದೊಡ್ಡಪ್ಪ ಉಸ್ಸೆಂದು ಕುಳಿತರು. "ಮೊದಲ ಹೇಳಬಾರದೇನಲೇ! ಶ್ರಾವಣದಿಂದ ನಿದ್ದಿ ಹತ್ತಿಲ್ಲ ನನಗ."

ಐವರಿಗೂ ಅವನಿಗೂ ಕಡಬು ಎಡೆ ಹಿಡಿದರು. ಎಲ್ಲರೂ ಉಂಡರು. ದೊಡ್ಡಪ್ಪ ಗಿಡದ ನೆರಳಿನಲ್ಲಿ ಅಡ್ಡಾಗಿ, ನೋಡನೋಡುತ್ತಿದ್ದಂತೆ ಗೊರಕೆ ಹೊಡೆದರು. ನನಗೆ ಮಾತ್ರ ತುತ್ತು ಇಳಿಯಲಿಲ್ಲ. ಆ ಕಲ್ಲಿಗೆ ಬೆನ್ನು ಮಾಡಿ ಕೂರಲು ಆಗಲಿಲ್ಲ, ಮುಖ ಕೊಟ್ಟು ಕೂರಲೂ ಆಗಲಿಲ್ಲ. ಓಣಿಗೆ ಓಣಿಯೇ ನಂಬಿದ್ದ ಕಥೆಯನ್ನು ಒಂದೇ ಮಾತಿನಲ್ಲಿ ಅಳಿಸಿದ್ದೆ. ಆ ಹೊಲ ಅವನದು ಎಂದು ನಂಬುವವನು ಅಂದಿನಿಂದ ನಾನೊಬ್ಬನೇ.

ಇಷ್ಟು ಬರೆಯುವಷ್ಟರಲ್ಲಿ ಗದಗಿನ ನನ್ನ ಪ್ರಕಾಶಕರು ಫೋನ್ ಮಾಡಿದರು. "ಎರಡನೇ ಭಾಗ ಯಾವಾಗ ಕೊಡ್ತೀರಿ? ಮುಂದ ಆ ಕಳ್ಳ ಏನ್ ಮಾಡ್ತಾನ್ರಿ?"

"ಗೊತ್ತಿಲ್ರಿ," ಎಂದೆ. "ಅವನ ಮುಂದನ ಅವನ ಕಥಿ ಸುಳ್ಳ ಅಂದುಬಿಟ್ಟೀನಿ. ನಾಳೆ ಹೊಲಕ್ಕ ಹೋಗಿ, ಮೊದಲ ಅವನ ಜೋಡಿ ಮಾತಾಡಿ ಬರ್ತೀನಿ."

ಪ್ರಕಾಶಕರು ಗಹಗಹಿಸಿ ನಕ್ಕರು. ಅವರ ನಗು ಮುಗಿಯುವಷ್ಟರಲ್ಲಿ ನಾನು ಹರ್ತಿಯ ಮೊದಲ ಬಸ್ಸಿನ ಹೊತ್ತು ಬರೆದಿಟ್ಟುಕೊಂಡಿದ್ದೆ.