ಎಲ್ಲಾ ಕಡೆ ವ್ಯಾಪಿಸಿದ್ದು

ಬಿಳಿ ಬಟ್ಟೆ ಅದ್ದುವ ಬಕೆಟ್ಟಿಗೆ ನೀಲಿಯ ಒಂದು ಹನಿ ಬಿಟ್ಟು ಸುಮ್ಮನೆ ನೋಡುತ್ತ ನಿಲ್ಲುವುದು ನನಗೊಂದು ಚಟ. ಹನಿ ಮೊದಲು ದಾರದಂತೆ ಇಳಿಯುತ್ತದೆ, ಆಮೇಲೆ ಹೊಗೆಯಂತೆ ಬಿಚ್ಚಿಕೊಳ್ಳುತ್ತದೆ, ನೋಡನೋಡುತ್ತಿದ್ದಂತೆ ನೀಲಿ ಮುಟ್ಟದ ನೀರೇ ಉಳಿಯುವುದಿಲ್ಲ. ದೇವರು ಸರ್ವವ್ಯಾಪಿ ಎಂದು ಕಾನ್ವೆಂಟಿನ ಸಿಸ್ಟರು ಕಲಿಸಿದಾಗ ನಾನು ಕಂಡುಕೊಂಡ ಅರ್ಥ ಇದೇ ಆಗಿತ್ತು.

ಮದುವೆಯಾಗಿ ಬಾಗಲಕೋಟೆಗೆ ಬಂದ ಮೇಲೆ, ಉದ್ದನೆಯ ಮಧ್ಯಾಹ್ನಗಳಲ್ಲಿ ಸಂಸ್ಕೃತ ನಿಘಂಟು ತಿರುವುವ ಹುಚ್ಚು ಹತ್ತಿತು. ‘ಆಪ್’ ಎಂದರೆ ತಲುಪು, ಮುಟ್ಟು; ಅದಕ್ಕೆ ‘ವಿ’ ಕೂಡಿದರೆ ಹರಡಿಕೊಂಡು ಎಲ್ಲವನ್ನೂ ಮುಟ್ಟುವ ವ್ಯಾಪ್ತಿ. ಮನಸ್ಸಿಗೆ ತಲುಪಿದವರು ಆಪ್ತರು. ಒಂದೇ ಬೇರಿಗೆ ಎಂಥ ಸಂಸಾರ ಎಂದು ಹಿಗ್ಗಿದ್ದೆ. ಸಮಾಪ್ತಿಯೂ ಅದೇ ಮನೆಯ ಕೂಸೆಂದು ಓದಿದ್ದೆ, ಆಗ ಅದು ಬರೀ ವ್ಯಾಕರಣ.

ಹೋದ ತಿಂಗಳು ಅಕ್ಕನನ್ನು ಇಳಕಲ್ಲಿನಿಂದ ಕರೆಸಿ ಇಲ್ಲಿಯ ದವಾಖಾನೆಗೆ ತೋರಿಸಿದೆ. ಹೊಟ್ಟೆಯೊಳಗೆ ಗಂಟು. ಡಾಕ್ಟರು ಸ್ಕ್ಯಾನನ್ನು ಬೆಳಕಿಗೆ ಹಿಡಿದು, ಆಕೆಗೆ ತಿಳಿಯದಿರಲೆಂದೋ ಏನೋ, ನನ್ನ ಕಡೆ ತಿರುಗಿ ಪುಸ್ತಕದ ಶಬ್ದ ಹುಡುಕಿದರು: “ಎಲ್ಲಾ ಕಡೆ ವ್ಯಾಪಿಸಿಬಿಟ್ಟೈತ್ರಿ.”

ಆ ಶಬ್ದವನ್ನು ಭಜನೆಯಲ್ಲಷ್ಟೇ ಕೇಳಿದ್ದ ಅಕ್ಕ ತಟ್ಟನೆ ಕೈ ಮುಗಿದಳು. “ಹೌದ್ರಿ ಸಾಹೇಬ್ರ, ಅಂವ ಇರಲಾರದ ಜಾಗಾನ ಇಲ್ಲ. ನಾ ಅವನ ಮ್ಯಾಲ ಭಾರ ಹಾಕೇನಿ.”

ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು.

ಹೊರಗೆ ಬೆಂಚಿನ ಮೇಲೆ ಅಕ್ಕ ಹಗುರಾಗಿ ಕೂತಳು. “ಡಾಕ್ಟರಗ ಭಕ್ತಿ ಭಾಳ ಐತಿ ನೋಡ. ಅಂದ್ರ ಅರಾಮ ಆಗತೈತಿ ಅಂದಂಗಾತಲ್ಲ?”

ಹೂಂ ಅಂದುಬಿಡಬಹುದಿತ್ತು. ಆದರೆ ಆಕೆಗೆ ಮಗಳಿದ್ದಾಳೆ, ಆ ಮಗಳಿಗೆ ಹೇಳಿ ಹೋಗಬೇಕಾದ ಮಾತುಗಳಿವೆ.

“ದೇವರಲ್ಲಕ್ಕಾ, ಅವರಂದದ್ದು ಬ್ಯಾನಿಗೆ. ಬ್ಯಾನಿ ಹಬ್ಬೇತಿ.”

“ಎಲ್ಲಾ ಕಡೆ?”

“ಎಲ್ಲಾ ಕಡೆ.”

ಅಕ್ಕ ಸೆರಗಿನ ಕೆಂಪು ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ ಕೇಳಿದಳು: “ಹಂಗಾರ ಅಂವ ಇದರಾಗೂ ಅದಾನೇನ?”

ಇದ್ದಾನೆ ಎಂದರೆ ಆಕೆಯನ್ನು ತಿನ್ನುತ್ತಿರುವವನೂ ಅವನೇ. ಇಲ್ಲವೆಂದರೆ ಅವನಿಲ್ಲದ ಜಾಗವೊಂದಿದೆ, ಅಲ್ಲಿ ನನ್ನ ಅಕ್ಕ ಒಬ್ಬಳೇ. ನೀವಾದರೂ ಏನು ಹೇಳುತ್ತಿದ್ದಿರಿ?

“ಹೇಳವಾ, ಕಾನ್ವೆಂಟಿಗೆ ಹೋದಾಕಿ ನೀ. ಸಿಸ್ಟರು ಇದನ್ನ ಕಲಿಸಲಿಲ್ಲೇನ?” ಕೊಂಕಿನ ಮಾತೇ, ಆದರೆ ಸೆರಗು ಬಿಟ್ಟು ನನ್ನ ಕೈ ಹಿಡಿದಿದ್ದಳು.

ನಾನು ಆಕೆಯನ್ನು ಎಬ್ಬಿಸಿ ಆಟೋ ಹತ್ತಿಸಿದೆ. ಅಕ್ಕ ಈಗ ನಮ್ಮ ಮನೆಯಲ್ಲೇ ಇದ್ದಾಳೆ. ಸಂಜೆ ಗೋಡೆ ಹಿಡಿದು ಎದ್ದು ಬಂದು, ದೇವರ ಮುಂದೆ ತಾನೇ ದೀಪ ಹಚ್ಚುತ್ತಾಳೆ. ಕೈ ಮುಗಿಯುವುದಿಲ್ಲ.